ಫ್ಲಾಟಿನ ಒಳಗೆ ಬಂಗುಡೆ ಗ್ರಿಲ್: ಗಾಳಿಗೆ ದಾರಿ ಮಾಡಿಕೊಟ್ಟ ನನ್ನ ಅನುಭವ

ಕುಂದಾಪುರದ ನಮ್ಮ ಹಳೆಯ ಮನೆಯಲ್ಲಿ ಮೀನು ಸುಡುವಾಗ ಹೊಗೆಯ ಬಗ್ಗೆ ಯಾರೂ ಯೋಚಿಸುತ್ತಿರಲಿಲ್ಲ. ಮಂಗಳೂರು ಹೆಂಚುಗಳ ಸಂದಿನಿಂದ ಹೊಗೆ ತಾನಾಗಿ ಹೊರಟುಹೋಗುತ್ತಿತ್ತು, ಹಿತ್ತಿಲ ಬಾಗಿಲಿನಿಂದ ಹೊಸ ಗಾಳಿ ಬರುತ್ತಿತ್ತು. ಬೆಂಗಳೂರಿನ ಫ್ಲಾಟಿಗೆ ಬಂದ ಮೇಲೆ ಅದೇ ಬಂಗುಡೆಯನ್ನು ಗೆರೆಗಳಿರುವ ಬೀಡಿನ ಕಾವಲಿಯ ಮೇಲಿಟ್ಟ ಮೊದಲ ರಾತ್ರಿ ಮನೆಯವರೆಲ್ಲರ ಕಣ್ಣಿನಲ್ಲಿ ನೀರು ಬಂತು; ಮರುದಿನ ಹೊದಿಕೆಗಳಲ್ಲೂ ಮೀನಿನ ವಾಸನೆಯಿತ್ತು. ಒಲೆಯ ಮೇಲೆ ಚಿಮ್ನಿ ಇತ್ತು. ಆದರೆ ಅದು ಹೊರಗೆ ಪೈಪ್ ಇಲ್ಲದ, ಗಾಳಿಯನ್ನು ಇಂಗಾಲದ ಫಿಲ್ಟರಿನಲ್ಲಿ ಸೋಸಿ ಮತ್ತೆ ಕೋಣೆಗೇ ಬಿಡುವ ಬಗೆಯದು. ಅಂಥದ್ದು ಎಣ್ಣೆಯ ಜಿಡ್ಡನ್ನೂ ವಾಸನೆಯ ಒಂದು ಪಾಲನ್ನೂ ಹಿಡಿಯುತ್ತದೆಯೇ ಹೊರತು ಬಿಸಿಯನ್ನೂ ಹಬೆಯನ್ನೂ ಹೊರಗೆ ಹಾಕುವುದಿಲ್ಲ.

ಹಾಗಾಗಿ ಪೈಪ್ ಇರುವ ಚಿಮ್ನಿಯನ್ನು ಒಲೆಯಿಂದ 28 ಅಂಗುಲ ಎತ್ತರದಲ್ಲಿ ಹಾಕಿಸಿದೆ. ಪೆಟ್ಟಿಗೆಯ ಮೇಲೆ ಗಂಟೆಗೆ 1200 ಘನ ಮೀಟರ್ ಎಂದು ಬರೆದಿತ್ತು. ನಮ್ಮ ಅಡುಗೆಮನೆ 10 ಅಡಿ ಉದ್ದ, 8 ಅಡಿ ಅಗಲ, ಒಂಬತ್ತೂವರೆ ಅಡಿ ಎತ್ತರ, ಅಂದರೆ ಸುಮಾರು 21 ಘನ ಮೀಟರ್. ಲೆಕ್ಕದಂತೆ ಒಂದು ನಿಮಿಷದ ಸುಮಾರಿಗೆ ಕೋಣೆಯಷ್ಟು ಗಾಳಿ ಹೊರಗೆ ಹೋಗಬೇಕಿತ್ತು. ಹಾಗಾಗಲಿಲ್ಲ. ಕಾರಣ ಹುಡುಕಿದಾಗ, ಚಿಮ್ನಿಯ ಬಾಯಿ 6 ಅಂಗುಲವಿದ್ದರೂ ಗೋಡೆಯ ತೂತು 4 ಅಂಗುಲದ್ದೇ ಆಗಿದ್ದುದು ಕಂಡಿತು. ವ್ಯಾಸ ಅಷ್ಟು ಕಡಿಮೆಯಾದರೆ ಗಾಳಿ ಹೋಗುವ ಜಾಗ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಸಾಲದ್ದಕ್ಕೆ ಸುಕ್ಕುಸುಕ್ಕಾದ ಅಲ್ಯೂಮಿನಿಯಂ ಪೈಪನ್ನು ಎರಡು ಕಡೆ ಬಾಗಿಸಿದ್ದರು. ತೂತನ್ನು 6 ಅಂಗುಲಕ್ಕೆ ದೊಡ್ಡದು ಮಾಡಿಸಿ, ಒಂದೇ ಬಾಗಿನ ನಯವಾದ ಪೈಪ್ ಹಾಕಿಸಿದ ದಿನವೇ ಸದ್ದು ತಗ್ಗಿತು, ಎಳೆತ ಹೆಚ್ಚಿತು.

ಆದರೂ ಹೊಗೆ ಹಾಲಿಗೆ ಬರುವುದು ನಿಲ್ಲಲಿಲ್ಲ. ಒಲೆಯ ಪಕ್ಕದ ಕಿಟಕಿಯನ್ನು ಪೂರ್ತಿ ತೆರೆದಿಡುವುದು ನನ್ನ ಅಭ್ಯಾಸವಾಗಿತ್ತು. ಊರಿನಿಂದ ಬಂದಿದ್ದ ಅಮ್ಮ ಸ್ವಲ್ಪ ಹೊತ್ತು ನೋಡಿ, "ಕಿಟ್ಕಿ ತೆಗ್ದ್ರೆ ಹೊಗಿ ಎಲ್ಲ ಒಳ್ಗೇ ಬತ್ತ್ ಕಾಣ್ ಮಗಾ" ಎಂದರು. ನಾನು ನಂಬದೆ ಒಂದು ಊದುಬತ್ತಿ ಹಚ್ಚಿ ಕಾವಲಿಯ ಅಂಚಿನಲ್ಲಿ ಹಿಡಿದೆ. ಅದರ ಹೊಗೆ ಮೇಲಕ್ಕೆ ಹೋಗುವ ಬದಲು ಕಿಟಕಿಯ ಗಾಳಿಗೆ ಸಿಕ್ಕಿ ಅಡ್ಡಲಾಗಿ, ಚಿಮ್ನಿಯ ಬಾಯಿಯನ್ನು ತಪ್ಪಿಸಿಕೊಂಡು, ನೇರ ಹಾಲಿನ ಕಡೆಗೆ ಹರಿಯಿತು. ಕಿಟಕಿ ಮುಚ್ಚಿದರೆ ಇನ್ನೊಂದು ತೊಂದರೆ: ಹೊರಗೆ ಹೋದಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕಾದುದರಿಂದ ಅದು ಬಚ್ಚಲುಮನೆಯ ಕಡೆಯಿಂದ ವಾಸನೆಯನ್ನೂ ಹೊತ್ತು ಬರತೊಡಗಿತು. ನಾಲ್ಕೈದು ಊದುಬತ್ತಿಗಳನ್ನು ಖರ್ಚು ಮಾಡಿದ ಮೇಲೆ ನಮ್ಮ ಮನೆಗೆ ಸರಿಹೊಂದುವ ಕ್ರಮ ತಿಳಿಯಿತು. ಒಲೆಯ ಪಕ್ಕದ ಕಿಟಕಿ ಮುಚ್ಚಿರಬೇಕು, ಹಾಲಿನ ದೂರದ ಕಿಟಕಿ ಒಂದು ಗೇಣು ತೆರೆದಿರಬೇಕು, ಅಡುಗೆಮನೆಯ ಬಾಗಿಲು ಓರೆಯಾಗಿರಬೇಕು. ಆಗ ಗಾಳಿ ಹಾಲಿನಿಂದ ನಿಧಾನವಾಗಿ ಬಂದು, ಹೊಗೆಯನ್ನು ಕದಡದೆ ಚಿಮ್ನಿಗೆ ತಲುಪಿಸುತ್ತದೆ. ಚಿಮ್ನಿಯನ್ನು ಒಲೆ ಹಚ್ಚುವುದಕ್ಕೆ ಐದು ನಿಮಿಷ ಮೊದಲೇ ಹಾಕುತ್ತೇನೆ, ಅಡುಗೆ ಮುಗಿದ ಮೇಲೂ ಕಾಲು ಗಂಟೆ ಓಡಲು ಬಿಡುತ್ತೇನೆ. ಮೂರು ಬರ್ನರುಗಳ ಒಲೆಯಲ್ಲಿ ಗ್ರಿಲ್ ಮಾಡಲು ಗೋಡೆಯ ಕಡೆಯದನ್ನೇ ಬಳಸುತ್ತೇನೆ, ಏಕೆಂದರೆ ಮುಂದಿನ ಬರ್ನರಿನ ಹೊಗೆ ಬೇಗ ಕೈತಪ್ಪುತ್ತದೆ.

ಇಷ್ಟಾದ ಮೇಲೆ ಹೊಗೆ ಹುಟ್ಟುವ ಜಾಗದ ಕಡೆಗೆ ಗಮನ ಹೋಯಿತು. ನಿಜಕ್ಕೂ ಅಲ್ಲಿಂದಲೇ ಆರಂಭಿಸಬೇಕಿತ್ತು. ಗಾಣದ ಕೊಬ್ಬರಿ ಎಣ್ಣೆ ಸುಮಾರು 175 ಡಿಗ್ರಿ ಸೆಲ್ಸಿಯಸ್‌ಗೇ ಹೊಗೆಯಾಡತೊಡಗುತ್ತದೆ, ಶುದ್ಧೀಕರಿಸಿದ ಕಡಲೆಕಾಯಿ ಎಣ್ಣೆ 230 ಡಿಗ್ರಿಯ ಸುಮಾರಿನವರೆಗೂ ತಡೆಯುತ್ತದೆ. ಆದ್ದರಿಂದ ಕಾವಲಿಗೆ ಕಡಲೆಕಾಯಿ ಎಣ್ಣೆ, ರುಚಿಗಾಗಿ ಕೊಬ್ಬರಿ ಎಣ್ಣೆಯ ನಾಲ್ಕು ಹನಿ ಇಳಿಸಿದ ಮೇಲೆ. ಎಣ್ಣೆಯನ್ನು ಕಾವಲಿಗೆ ಸುರಿಯದೆ ಮೀನಿಗೇ ಸವರುತ್ತೇನೆ, ಕಾವಲಿಯನ್ನು ಮಧ್ಯಮ ಉರಿಯಲ್ಲಿ ನಿಧಾನವಾಗಿ ಕಾಯಿಸುತ್ತೇನೆ. ಬ್ಯಾಡಗಿ ಮೆಣಸು, ಹುಳಿ, ಅರಿಸಿನದ ಮಸಾಲೆಯನ್ನು ಒಂದು ಗಂಟೆ ಹಚ್ಚಿಟ್ಟು, ಒಲೆಗೆ ಇಡುವ ಮುನ್ನ ಮೇಲೆ ದಪ್ಪಗೆ ಕೂತದ್ದನ್ನು ಬೆರಳಿನಿಂದ ಸವರಿ ತೆಗೆಯುತ್ತೇನೆ. ಕೆಮ್ಮು ಬರಿಸುವ ಘಾಟು ಹೆಚ್ಚಾಗಿ ಆ ಮಸಾಲೆ ಗೆರೆಗಳ ನಡುವೆ ಬಿದ್ದು ಕರಟುವುದರಿಂದಲೇ ಏಳುತ್ತದೆ. ಹೆಚ್ಚು ಜನರಿದ್ದಾಗ ವಿದ್ಯುತ್ ಗ್ರಿಲ್ ಬಳಸಿ, ಕೆಳಗಿನ ತಟ್ಟೆಯಲ್ಲಿ ನೀರು ತುಂಬಿಸುತ್ತೇನೆ; ಬಂಗುಡೆಯ ಕೊಬ್ಬು ನೀರಿಗೆ ಬಿದ್ದರೆ ಸುಟ್ಟು ಹೊಗೆಯಾಗುವುದಿಲ್ಲ.

ಇದ್ದಿಲಿನ ಒಲೆಯನ್ನು ಮಾತ್ರ ಒಳಗೆ ತರುವುದಿಲ್ಲ, ಚಿಮ್ನಿ ಎಷ್ಟೇ ಚೆನ್ನಾಗಿ ಎಳೆದರೂ ಸರಿಯೇ. ಇದ್ದಿಲು ಉರಿದಾಗ ಬರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಣ್ಣಿಗೆ ಕಾಣುವ ಹೊಗೆ ಹೋಯಿತೆಂದು ನೆಮ್ಮದಿಯಿಂದ ಕೂತವರ ಜೀವವನ್ನೇ ಅದು ತೆಗೆಯಬಲ್ಲದು. ಅದೇ ಭಯದಿಂದ ಚಿಮ್ನಿ ಓಡುವಾಗ ಗ್ಯಾಸ್ ಗೀಸರ್ ಹಚ್ಚಬಾರದೆಂದು ಮನೆಯವರಿಗೆಲ್ಲ ಹೇಳಿದ್ದೇನೆ. ಒಳಗೆ ಗಾಳಿಯ ಕೊರತೆಯಾದರೆ ಗೀಸರಿನ ಹೊಗೆಯನ್ನೂ ಚಿಮ್ನಿ ಒಳಗೆಳೆಯಬಹುದು.

ಫಿಲ್ಟರುಗಳನ್ನು ಮೂರು ವಾರಕ್ಕೊಮ್ಮೆ ವಾಷಿಂಗ್ ಸೋಡಾ ಹಾಕಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ ಉಜ್ಜುತ್ತೇನೆ. ಕಳೆದ ಭಾನುವಾರ ನಾಲ್ಕು ಬಂಗುಡೆ ಸುಟ್ಟೆವು. ಅಮ್ಮ ಹಾಲಿನಲ್ಲಿ ಕೂತಿದ್ದರು, ಮೀನು ಬೆಂದದ್ದು ಅವರಿಗೆ ತಿಳಿದದ್ದು ತಟ್ಟೆ ಮುಂದೆ ಬಂದಾಗಲೇ.