61ನೇ ದಿನದ ಅರ್ಜಿ: ಕೇಳಿದವರಿಗಷ್ಟೇ ಸಿಗುವ ಜಾಮೀನು

ಕಾನೂನು ಕೊಟ್ಟ ದಿನಗಳೊಳಗೆ ಪೊಲೀಸರು ದೋಷಾರೋಪ ಪಟ್ಟಿ ಸಲ್ಲಿಸದಿದ್ದರೆ, ಬಂಧನದಲ್ಲಿರುವ ಆರೋಪಿಗೆ ಜಾಮೀನು ಪಡೆಯುವ ಹಕ್ಕು ಹುಟ್ಟುತ್ತದೆ. ಆರೋಪ ಎಷ್ಟೇ ಗಂಭೀರವಾಗಿರಲಿ, ಕೋರ್ಟ್ ಇಲ್ಲ ಎನ್ನುವಂತಿಲ್ಲ. ವಕೀಲರ ಬಾಯಲ್ಲಿ ಇದು ‘ಡೀಫಾಲ್ಟ್ ಬೇಲ್’. ಇಷ್ಟು ಗಟ್ಟಿಯಾದ ಹಕ್ಕು ಕೈತಪ್ಪಲು ಒಂದು ಸಣ್ಣ ಕಾರಣ ಸಾಕು: ಮನೆಯವರಾಗಲಿ ವಕೀಲರಾಗಲಿ ದಿನ ಎಣಿಸಿರುವುದಿಲ್ಲ.

ಮೊದಲು ರಿಮಾಂಡ್ ಆದೇಶದ, ಅಂದರೆ ಆರೋಪಿಯನ್ನು ಬಂಧನದಲ್ಲಿಡಲು ಮ್ಯಾಜಿಸ್ಟ್ರೇಟರು ಹೊರಡಿಸುವ ಆದೇಶದ, ಪ್ರತಿ ಪಡೆಯಿರಿ. ಬಂಧಿಸಿದ 24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಆರೋಪಿಯನ್ನು ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲೇಬೇಕು. ಇದು ಸಂವಿಧಾನದ 22ನೇ ವಿಧಿಯ ಮಾತು. ಎಣಿಕೆ ಶುರುವಾಗುವುದು ಬಂಧನದ ದಿನದಿಂದಲ್ಲ, ಮ್ಯಾಜಿಸ್ಟ್ರೇಟರು ರಿಮಾಂಡ್ ಮಾಡಿದ ದಿನದಿಂದ. ಆ ದಿನವೂ ಲೆಕ್ಕಕ್ಕೆ ಸೇರುತ್ತದೆಯೇ ಎಂಬ ಹಳೆಯ ಗೊಂದಲವನ್ನು 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಬಗೆಹರಿಸಿತು: ಸೇರುತ್ತದೆ. ಮಾರ್ಚ್ 1ರಂದು ರಿಮಾಂಡ್ ಆಗಿದ್ದರೆ 60ನೇ ದಿನ ಏಪ್ರಿಲ್ 29, ಹಕ್ಕು ಹುಟ್ಟುವುದು ಏಪ್ರಿಲ್ 30ಕ್ಕೆ. 90 ದಿನದ ಪ್ರಕರಣವಾದರೆ ಮೇ 30ಕ್ಕೆ. ‘ಎರಡು ತಿಂಗಳು’ ಎಂದು ಅಂದಾಜು ಹಾಕಬೇಡಿ, ಕ್ಯಾಲೆಂಡರ್ ಮುಂದಿಟ್ಟುಕೊಂಡು ಒಂದೊಂದೇ ದಿನ ಎಣಿಸಿ.

60 ದಿನವೋ 90 ದಿನವೋ ಎಂಬುದನ್ನು ಆರೋಪದ ಕಲಂ ಹೇಳುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಂ ಪ್ರಕಾರ ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಗಳಿಗೆ 90 ದಿನ, ಉಳಿದವಕ್ಕೆ 60. ಕೊಲೆ ಆರೋಪಕ್ಕೆ 90, ಬರೀ ವಂಚನೆಗೆ 60. ‘10 ವರ್ಷದವರೆಗೆ’ ಶಿಕ್ಷೆ ಎಂದಷ್ಟೇ ಇರುವ ಕಲಂಗಳಲ್ಲಿ ತಕರಾರು ಏಳುತ್ತದೆ. ಅಸ್ಸಾಮಿನ ಪ್ರಕರಣವೊಂದರಲ್ಲಿ 2017ರಲ್ಲಿ ಸುಪ್ರೀಂ ಕೋರ್ಟ್ ಬಹುಮತದಿಂದ, ಕನಿಷ್ಠ ಶಿಕ್ಷೆಯೇ 10 ವರ್ಷ ಇಲ್ಲದಿದ್ದರೆ 60 ದಿನ ಎಂದಿತು. ಅದು ಇದಕ್ಕೂ ಮೊದಲಿದ್ದ ದಂಡ ಪ್ರಕ್ರಿಯಾ ಸಂಹಿತೆಯ ಮೇಲಿನ ತೀರ್ಪು, ಹೊಸದರಲ್ಲಿ ಪದಗಳು ತುಸು ಬದಲಾಗಿವೆ. ಆದರೂ ಇಂಥ ಪ್ರಕರಣದಲ್ಲಿ 61ನೇ ದಿನವೇ ಅರ್ಜಿ ಹಾಕಿ ವಾದಿಸುವುದು ಲೇಸು. ಕಾಯುವುದರಿಂದ ಲಾಭವೇನೂ ಇಲ್ಲ. ಮಾದಕ ವಸ್ತು ಅಥವಾ ಭಯೋತ್ಪಾದನೆಯಂಥ ವಿಶೇಷ ಕಾಯ್ದೆಗಳ ಲೆಕ್ಕ ಬೇರೆ, ಅಲ್ಲಿ ಅವಧಿ 180 ದಿನದವರೆಗೂ, ಕೆಲವು ಮಾದಕ ವಸ್ತು ಪ್ರಕರಣಗಳಲ್ಲಿ 1 ವರ್ಷದವರೆಗೂ ಹೋಗಬಹುದು.

ಇನ್ನು ಅರ್ಜಿ. ಗಡುವು ಮುಗಿದ ಮರುದಿನ ಕೋರ್ಟ್ ಬಾಗಿಲು ತೆರೆಯುತ್ತಿದ್ದಂತೆ ಅದು ಒಳಗೆ ಹೋಗಬೇಕು. ಕಾರಣವಿದೆ: ಅರ್ಜಿ ಬೀಳುವ ಮೊದಲೇ ದೋಷಾರೋಪ ಪಟ್ಟಿ ಬಂದುಬಿಟ್ಟರೆ, ತಡವಾಗಿ ಬಂದಿದ್ದರೂ, ಹಕ್ಕು ಅಲ್ಲಿಗೇ ಮುಗಿಯಿತು. ಅರ್ಜಿ ಮೊದಲು ಬಿದ್ದಿದ್ದರೆ, ಆಮೇಲೆ ಬಂದ ಪಟ್ಟಿ ಅದನ್ನು ಕಿತ್ತುಕೊಳ್ಳಲಾರದು. ಆದ್ದರಿಂದ ಅರ್ಜಿಯ ಪ್ರತಿಯ ಮೇಲೆ ದಿನಾಂಕದ ಜೊತೆ ಗಂಟೆಯನ್ನೂ ಬರೆಸಿಕೊಳ್ಳಿ. ಲಿಖಿತ ಅರ್ಜಿ ಸಿದ್ಧವಿಲ್ಲದಿದ್ದರೆ ಬಾಯಿಮಾತಿನಲ್ಲಿ ಕೇಳಿದರೂ ಸಾಕು ಎಂದು ಅದೇ 2017ರ ತೀರ್ಪು ಹೇಳುತ್ತದೆ. ಕೇಳಿದ್ದು ಕೋರ್ಟಿನ ಕಲಾಪ ಬರೆದಿಡುವ ಆರ್ಡರ್ ಶೀಟಿನಲ್ಲಿ ದಾಖಲಾಯಿತೇ ನೋಡಿಕೊಳ್ಳಿ.

ಶ್ಯೂರಿಟಿ ಕೊಡುವವರನ್ನು, ಅಂದರೆ ಆರೋಪಿಯ ಪರ ಹೊಣೆ ಹೊರುವವರನ್ನು, ಒಂದು ವಾರ ಮೊದಲೇ ಒಪ್ಪಿಸಿ, ಅವರ ದಾಖಲೆಗಳನ್ನು ಜೋಡಿಸಿಡಿ. ಜಾಮೀನು ಮಂಜೂರಾಗಿಯೂ ಕೋರ್ಟ್ ಹೇಳಿದ ಸಮಯದೊಳಗೆ ಬಾಂಡ್ ಕೊಡಲಾಗದೆ, ಅಷ್ಟರಲ್ಲಿ ಪಟ್ಟಿ ಸಲ್ಲಿಕೆಯಾದರೆ ಬಿಡುಗಡೆ ತಪ್ಪುತ್ತದೆ. ಬಡವರು ಸೋಲುವುದು ಹೆಚ್ಚಾಗಿ ಈ ಮೆಟ್ಟಿಲಲ್ಲೇ ಎಂಬುದು ನನಗೆ ನೋವಿನ ಸಂಗತಿ.

ಪೊಲೀಸರು ಅಥವಾ ಕೋರ್ಟ್ ಮಾಡುವ ಉಳಿದ ತಪ್ಪುಗಳ ಬಗ್ಗೆ ಇಷ್ಟು ಬಲವಾದ ಭರವಸೆ ಇಟ್ಟುಕೊಳ್ಳಬೇಡಿ. ಸಮನ್ಸ್, ವಾರಂಟ್ ಅಥವಾ ವಿಚಾರಣೆಯ ಕ್ರಮದಲ್ಲಿ ಲೋಪವಾದ ಮಾತ್ರಕ್ಕೆ ತೀರ್ಪು ಬೀಳುವುದಿಲ್ಲ. ಅದೇ ಸುರಕ್ಷಾ ಸಂಹಿತೆಯ 511ನೇ ಕಲಂ ಪ್ರಕಾರ ಅದರಿಂದ ನ್ಯಾಯಕ್ಕೆ ಧಕ್ಕೆಯಾಗಿದೆ ಎಂದು ತೋರಿಸಬೇಕು, ಆಕ್ಷೇಪವನ್ನು ಮೊದಲೇ ಎತ್ತಬಹುದಿತ್ತೇ ಎಂದೂ ಮೇಲಿನ ಕೋರ್ಟ್ ನೋಡುತ್ತದೆ. ಲೋಪ ಕಂಡ ದಿನವೇ ಬರವಣಿಗೆಯಲ್ಲಿ ಆಕ್ಷೇಪ ಹಾಕಿಸಿ.

ಸಣ್ಣ ಅಪರಾಧಗಳಲ್ಲಿ ಪ್ರಕರಣವೇ ತಡವಾಗಿ ಬಂದಿದೆಯೇ ಎಂದೂ ಪರೀಕ್ಷಿಸಿ. ದಂಡ ಮಾತ್ರವಿದ್ದರೆ 6 ತಿಂಗಳು, 1 ವರ್ಷದವರೆಗಿನ ಶಿಕ್ಷೆಗೆ 1 ವರ್ಷ, 3 ವರ್ಷದವರೆಗಿನದಕ್ಕೆ 3 ವರ್ಷ ಮಿತಿ. ತಕ್ಕ ಕಾರಣವಿದ್ದರೆ ಕೋರ್ಟ್ ವಿಳಂಬ ಮನ್ನಿಸಬಹುದು.

ವಕೀಲರಿಗೆ ಹಣವಿಲ್ಲವೆಂದು ದಿನ ಕಳೆಯಬೇಡಿ. ಬಂಧನದಲ್ಲಿರುವವರಿಗೆ ಉಚಿತ ವಕೀಲರನ್ನು ಪಡೆಯುವ ಹಕ್ಕು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲೇ ಇದೆ. ಸಹಾಯವಾಣಿ 15100. ಕರೆ ಮಾಡುವಾಗ ಪೊಲೀಸ್ ಠಾಣೆಯ ಹೆಸರು, ಎಫ್‌ಐಆರ್ ಸಂಖ್ಯೆ ಮತ್ತು ರಿಮಾಂಡ್ ಆದ ದಿನಾಂಕ ಕೈಯಲ್ಲಿರಲಿ.