ಹುಬ್ಬಿನಲ್ಲಿ ಬಣ್ಣ ನಿಲ್ಲಿಸುವ ಕೆಲಸ: ನನ್ನ ಅನುಭವ

ದಾವಣಗೆರೆಯ ನನ್ನ ಪಾರ್ಲರಿನಲ್ಲಿ ಒಂಬತ್ತು ವರ್ಷ ದಾರ ಹಿಡಿದು ಹುಬ್ಬು ತಿದ್ದಿದ ಮೇಲೆ, 2018ರಲ್ಲಿ ನಾನು ಮೈಕ್ರೋಬ್ಲೇಡಿಂಗ್, ಅಂದರೆ ಸಣ್ಣ ಬ್ಲೇಡಿನಿಂದ ಹುಬ್ಬಿನ ಚರ್ಮದೊಳಗೆ ಕೂದಲಿನಂಥ ಬಣ್ಣದ ಗೆರೆ ಎಳೆಯುವುದನ್ನು ಕಲಿತೆ. ಥ್ರೆಡಿಂಗ್‌ನಲ್ಲಿ ಕೈ ತಪ್ಪಿದರೆ ಕೆಲವು ವಾರಗಳಲ್ಲಿ ಕೂದಲು ಮತ್ತೆ ಬೆಳೆದು ತಪ್ಪು ಮುಚ್ಚಿಹೋಗುತ್ತದೆ. ಇಲ್ಲಿ ಕೈ ತಪ್ಪಿದರೆ ಆ ತಪ್ಪು ಎರಡು ಮೂರು ವರ್ಷ ಒಬ್ಬರ ಮುಖದ ಮೇಲೆಯೇ ಇರುತ್ತದೆ. ನಾನು ಸೇರಿದ್ದ ತರಬೇತಿ ಮೂರು ದಿನದ್ದು. ರಬ್ಬರಿನ ಹಾಳೆಯ ಮೇಲೆ ಕೂದಲಿನಂತೆ ಗೆರೆ ಎಳೆಯುವುದನ್ನು ಅಲ್ಲಿ ಚೆನ್ನಾಗಿಯೇ ಕಲಿಸಿದರು, ಆದರೆ ಗೆರೆ ಎಳೆದ ಮೇಲೆ ಜೀವಂತ ಚರ್ಮ ಏನು ಮಾಡುತ್ತದೆ ಎಂಬುದಕ್ಕೆ ಅರ್ಧ ಗಂಟೆಯನ್ನೂ ಕೊಡಲಿಲ್ಲ. ಈ ಚಿಕಿತ್ಸೆಯ ಫಲ ತೀರ್ಮಾನವಾಗುವುದು ಗಾಯ ವಾಸಿಯಾಗುವ ಆರು ವಾರಗಳಲ್ಲಿ. ಆ ಆರು ವಾರಗಳ ಬಗ್ಗೆ ನಾನು ಕಲಿತದ್ದೆಲ್ಲ ನನ್ನ ಮುಂದೆ ಕುಳಿತ ಹೆಂಗಸರಿಂದಲೇ.

ಹೆಸರು ಏನೇ ಇರಲಿ, ಇದು ಒಂದು ಬಗೆಯ ಹಚ್ಚೆ ಎಂದು ನಾನು ಮೊದಲ ಮಾತಿನಲ್ಲೇ ಹೇಳುತ್ತೇನೆ. ನನ್ನ ಅಜ್ಜಿಯ ಹಣೆಯಲ್ಲೂ ಮುಂಗೈಯಲ್ಲೂ ಊರಿಗೆ ಬರುತ್ತಿದ್ದ ಕೊರವಂಜಿ ಹಾಕಿದ ಹಚ್ಚೆಯಿತ್ತು. ಹಾಕುವಾಗ ಕಪ್ಪಾಗಿದ್ದ ಆ ಬಣ್ಣ ನಾನು ನೋಡುವ ಹೊತ್ತಿಗೆ ಹಸಿರಾಗಿತ್ತು. ಇಂಗಾಲದ ಕಪ್ಪು ಚರ್ಮದ ಆಳದಲ್ಲಿ ಕುಳಿತಾಗ, ಮೇಲಿನ ಪದರದ ಮೂಲಕ ಹಾದುಬರುವ ಬೆಳಕು ಚದುರುವುದರಿಂದ ಅದು ನೀಲಿ ಅಥವಾ ಹಸಿರು ಛಾಯೆಯಲ್ಲಿ ಕಾಣುತ್ತದೆ. ಅಜ್ಜಿಯ ಹಚ್ಚೆ ಜೀವನಪೂರ್ತಿ ಉಳಿದದ್ದು ಬಣ್ಣ ಒಳಚರ್ಮದಲ್ಲಿ ಆಳವಾಗಿ ನಿಂತಿದ್ದರಿಂದ. ನಾವು ಹುಬ್ಬಿಗೆ ಹಾಕುವಾಗ ಸುಮಾರು ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿ, ಒಳಚರ್ಮ ಶುರುವಾಗುವ ಜಾಗದಲ್ಲೇ ನಿಲ್ಲಿಸುತ್ತೇವೆ. ಅದಕ್ಕಿಂತ ಮೇಲೆ ಹಾಕಿದ ಬಣ್ಣ, ಮೇಲ್ಚರ್ಮ ತಿಂಗಳಿಗೊಮ್ಮೆ ಹೊಸದಾಗುವಾಗ ಅದರೊಂದಿಗೆ ಉದುರಿಹೋಗುತ್ತದೆ. ಅದಕ್ಕಿಂತ ಕೆಳಗೆ ಹಾಕಿದ್ದು ಬೂದು ಬಣ್ಣಕ್ಕೆ ತಿರುಗಿ, ಅಂಚು ಹರಡಿ, ಕಲೆಯಾಗಿ ಉಳಿಯುತ್ತದೆ. ಈ ಎರಡರ ನಡುವಿನ ಜಾಗ ಬಹಳ ಕಿರಿದು. ಅದನ್ನು ಕಣ್ಣಿನಿಂದ ನೋಡಲಾಗದು, ಬೆರಳಿಗೆ ಅಭ್ಯಾಸವಾಗಬೇಕು.

ಬಂದವರಿಗೆಲ್ಲ ನಾನು ಮಾಡುವುದಿಲ್ಲ. ಗರ್ಭಿಣಿಯರಿಗೆ ಮತ್ತು ಎದೆಹಾಲು ಉಣಿಸುವವರಿಗೆ ಆಮೇಲೆ ಬನ್ನಿ ಎನ್ನುತ್ತೇನೆ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರು ಅದನ್ನು ನಿಲ್ಲಿಸಿ ಕನಿಷ್ಠ ಆರು ತಿಂಗಳು ಕಳೆಯಬೇಕು. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮತ್ತು ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರು ತಮ್ಮ ವೈದ್ಯರನ್ನು ಕೇಳಿಯೇ ಬರಬೇಕು. ಕೀಲಾಯ್ಡ್ ಎಂಬ, ಗಾಯದ ಗುರುತು ಉಬ್ಬಿ ಗಂಟಾಗುವ ಗುಣವಿದೆಯೇ ಎಂದು ತಿಳಿಯಲು ನಾನು ಕಿವಿ ಚುಚ್ಚಿಸಿಕೊಂಡ ಜಾಗವನ್ನೂ ಮೂಗುಬೊಟ್ಟಿನ ತೂತನ್ನೂ ನೋಡುತ್ತೇನೆ. ನಮ್ಮ ಹೆಂಗಸರಲ್ಲಿ ಹೆಚ್ಚಿನವರು ಚಿಕ್ಕಂದಿನಲ್ಲೇ ಎರಡನ್ನೂ ಚುಚ್ಚಿಸಿಕೊಂಡಿರುವುದರಿಂದ, ಬಾಯಿಂದ ಬರುವ ಉತ್ತರಕ್ಕಿಂತ ಆ ಜಾಗ ಸ್ಪಷ್ಟವಾದ ಉತ್ತರ ಕೊಡುತ್ತದೆ.

ಇದಕ್ಕಿಂತಲೂ ಮುಖ್ಯವಾದ ಇನ್ನೊಂದು ವಿಷಯವಿದೆ. ಹುಬ್ಬು ಏಕೆ ಉದುರಿತು ಎಂದು ಕೇಳದೆ ಅದನ್ನು ಬಣ್ಣದಿಂದ ಮುಚ್ಚುವುದು ಸರಿಯಲ್ಲ. ಎಳೆಯ ವಯಸ್ಸಿನಲ್ಲಿ ಅತಿಯಾಗಿ ಥ್ರೆಡಿಂಗ್ ಮಾಡಿಸಿ ತೆಳ್ಳಗಾದ ಹುಬ್ಬು ಬೇರೆ, ಇದ್ದಕ್ಕಿದ್ದಂತೆ ಹೊರತುದಿಯಿಂದ ಉದುರುತ್ತಾ ಬಂದ ಹುಬ್ಬು ಬೇರೆ. ಥೈರಾಯ್ಡ್ ಕಡಿಮೆಯಾದಾಗ ಹುಬ್ಬಿನ ಹೊರಭಾಗ ತೆಳುವಾಗಬಹುದು. ಕುಷ್ಠರೋಗದ ಕೆಲವು ಬಗೆಗಳಲ್ಲೂ ಹುಬ್ಬು ಉದುರುತ್ತದೆ, ಮತ್ತು ಅದಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಔಷಧಿಯಿಂದ ಪೂರ್ತಿ ಗುಣವಾಗುತ್ತದೆ. ದುಂಡಗೆ ಕೂದಲು ಉದುರುವ ಅಲೋಪೇಶಿಯಾ ಏರಿಯೇಟಾ ಕೂಡ ಹುಬ್ಬಿನಲ್ಲಿ ಕಾಣಿಸಿಕೊಳ್ಳುತ್ತದೆ. ಹೀಗೆ ಒಮ್ಮೆ ಒಬ್ಬರನ್ನು ಚರ್ಮವೈದ್ಯರ ಬಳಿಗೆ ಕಳುಹಿಸಿದೆ. ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ತೊಂದರೆ ತಿಳಿದು, ಮಾತ್ರೆ ಶುರುವಾದ ಎಂಟು ತಿಂಗಳಿಗೆ ಅವರ ಹುಬ್ಬು ಮುಕ್ಕಾಲು ಪಾಲು ತಾನಾಗಿಯೇ ಬಂದಿತ್ತು. ಅವರಿಗೆ ನಾನು ಥ್ರೆಡಿಂಗ್ ಬಿಟ್ಟು ಬೇರೇನನ್ನೂ ಮಾಡಬೇಕಾಗಲಿಲ್ಲ, ಮತ್ತು ಆ ದಿನ ನನಗಾದ ಸಂತೋಷ ದೊಡ್ಡದು.

ವಿಧಾನಗಳು ಮುಖ್ಯವಾಗಿ ಎರಡು. ಮೈಕ್ರೋಬ್ಲೇಡಿಂಗ್‌ನಲ್ಲಿ ಕೈಯಲ್ಲಿ ಹಿಡಿಯುವ ಕಡ್ಡಿಗೆ, ಬಹಳ ಸಣ್ಣ ಸೂಜಿಗಳನ್ನು ಒತ್ತೊತ್ತಾಗಿ ಓರೆಸಾಲಿನಲ್ಲಿ ಜೋಡಿಸಿದ ಬ್ಲೇಡನ್ನು ಸಿಕ್ಕಿಸಿ, ಒಂದೊಂದು ಕೂದಲಿನಂತೆ ಗೆರೆ ಎಳೆಯುತ್ತೇವೆ. ಪೌಡರ್ ಬ್ರೋಸ್‌ನಲ್ಲಿ ಮೆಷಿನ್ನಿನ ಒಂಟಿ ಸೂಜಿಯಿಂದ ಚುಕ್ಕಿ ಚುಕ್ಕಿಯಾಗಿ ಬಣ್ಣ ತುಂಬುತ್ತೇವೆ. ಅದು ಪೆನ್ಸಿಲ್ಲಿನಿಂದ ಹಗುರಾಗಿ ತೀಡಿದಂತೆ ಕಾಣುತ್ತದೆ. ಮೊದಲ ವರ್ಷ ನಾನು ಎಲ್ಲರಿಗೂ ಗೆರೆಯನ್ನೇ ಎಳೆದೆ, ಏಕೆಂದರೆ ಕೆಲಸ ಮುಗಿದ ದಿನದ ಫೋಟೋದಲ್ಲಿ ಗೆರೆಯಷ್ಟು ಚೆಂದ ಬೇರೆ ಯಾವುದೂ ಬರುವುದಿಲ್ಲ. ಆ ವರ್ಷವೇ ಎಣ್ಣೆ ಚರ್ಮದ ಒಬ್ಬ ಶಾಲಾ ಶಿಕ್ಷಕಿಗೆ ಮಾಡಿದ ಕೆಲಸ ಕೆಟ್ಟಿತು. ಎರಡು ತಿಂಗಳಲ್ಲಿ ಗೆರೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ಮಸುಕಾದ ಪಟ್ಟಿಯಾದವು, ಮತ್ತು ಬಲಗಡೆಯ ಹುಬ್ಬಿನ ಮೊದಲಲ್ಲಿ ನಾನು ಆಳ ಮೀರಿದ್ದರಿಂದ ಅಲ್ಲಿ ಬೂದಿಯ ಛಾಯೆ ಬಂತು. ಅವರು ಜಗಳವಾಡಲಿಲ್ಲ, ತರಗತಿಯಲ್ಲಿ ಮಕ್ಕಳು ನೋಡುತ್ತಾರೆ ಎಂದಷ್ಟೇ ಹೇಳಿದರು. ಹಣ ಹಿಂತಿರುಗಿಸಿದೆ, ಆದರೆ ಆ ಬೂದಿ ತೆಳುವಾಗಲು ಎರಡೂವರೆ ವರ್ಷ ಹಿಡಿಯಿತು. ಅಂದಿನಿಂದ, ಬೆಳಿಗ್ಗೆ ಮುಖ ತೊಳೆದ ಮೂರು ಗಂಟೆಯೊಳಗೆ ಹಣೆ ಜಿಡ್ಡಾಗುವವರಿಗೆ, ರಂಧ್ರಗಳು ದೊಡ್ಡದಾಗಿರುವವರಿಗೆ ಪೌಡರ್ ಕೆಲಸವನ್ನೇ ಮಾಡುತ್ತೇನೆ. ಗೆರೆಯೇ ಬೇಕೆಂದು ಹಟ ಹಿಡಿದರೆ ಕೆಲಸವನ್ನೇ ಬಿಡುತ್ತೇನೆ.

ಇಬ್ಬರ ನಡುವೆ ಒಪ್ಪಂದವಾದ ಮೇಲೆ ಕಿವಿಯ ಹಿಂದೆ ಬಣ್ಣವನ್ನೂ ಮರಗಟ್ಟಿಸುವ ಕ್ರೀಮನ್ನೂ ಸ್ವಲ್ಪ ಹಚ್ಚಿ ಎರಡು ದಿನ ನೋಡುತ್ತೇವೆ. ಬಣ್ಣದ ಅಲರ್ಜಿ ಕೆಲವೊಮ್ಮೆ ತಿಂಗಳುಗಳ ನಂತರವೂ ಬರಬಹುದಾದ್ದರಿಂದ ಈ ಪರೀಕ್ಷೆ ಪೂರ್ತಿ ಭರವಸೆ ಕೊಡುವುದಿಲ್ಲ, ಆದರೂ ಕ್ರೀಮಿನಲ್ಲಿರುವ ಲಿಡೋಕೇಯ್ನ್ ಒಗ್ಗದವರು ಇಲ್ಲಿಯೇ ಗೊತ್ತಾಗುವುದುಂಟು.

ಕೆಲಸದ ದಿನ ಎರಡೂವರೆ ಗಂಟೆ ಬೇಕು. ಅದರಲ್ಲಿ ಮುಕ್ಕಾಲು ಗಂಟೆ ಅಳತೆಗೇ ಹೋಗುತ್ತದೆ. ಮರಗೆಲಸದವರು ಹಲಗೆಯ ಮೇಲೆ ಬಣ್ಣದ ದಾರ ಚಿಮ್ಮಿಸಿ ಗೆರೆ ಹಾಕುವಂತೆಯೇ, ನಾವೂ ಬಣ್ಣ ಸವರಿದ ದಾರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಹಣೆಯ ಮೇಲೆ ಒತ್ತಿ ಗುರುತು ಮಾಡುತ್ತೇವೆ. ಮೂಗಿನ ಹೊಳ್ಳೆಯಿಂದ ನೇರ ಮೇಲಕ್ಕೆ ಹೋದರೆ ಹುಬ್ಬಿನ ಮೊದಲು, ಹೊಳ್ಳೆಯಿಂದ ಕಣ್ಣಿನ ಪಾಪೆಯ ಮೂಲಕ ಹೋದರೆ ಕಮಾನಿನ ತುದಿ, ಹೊಳ್ಳೆಯಿಂದ ಕಣ್ಣಿನ ಹೊರಮೂಲೆಯ ಮೂಲಕ ಹೋದರೆ ಹುಬ್ಬಿನ ಕೊನೆ. ಈ ಮೂರು ಗುರುತುಗಳು ಆರಂಭಕ್ಕೆ ಮಾತ್ರ. ಯಾರ ಮುಖವೂ ಎರಡು ಕಡೆ ಒಂದೇ ಸಮ ಇರುವುದಿಲ್ಲ; ಮಾತಾಡುವಾಗ ಒಂದು ಹುಬ್ಬನ್ನು ಮೇಲೆತ್ತುವ ಅಭ್ಯಾಸ ಹಲವರಿಗಿರುತ್ತದೆ. ಆದ್ದರಿಂದ ಮಲಗಿಸಿ ಅಳೆಯದೆ, ಕೂರಿಸಿ, ನಗಿಸಿ, ಮಾತಾಡಿಸಿ ಅಳೆಯುತ್ತೇನೆ. ಗುರುತು ಮುಗಿದ ಮೇಲೆ ಕನ್ನಡಿ ಕೊಟ್ಟು, ಜೊತೆಗೆ ಬಂದ ಅಮ್ಮನನ್ನೋ ತಂಗಿಯನ್ನೋ ಒಳಗೆ ಕರೆದು ತೋರಿಸುತ್ತೇನೆ. ಒರೆಸಿ ಮತ್ತೆ ಬರೆಯುವುದು ಎಷ್ಟು ಸಲವಾದರೂ ಸರಿ, ಸೂಜಿ ಮುಟ್ಟುವ ಮುಂಚೆ ಅವರ ಬಾಯಿಂದಲೇ ಒಪ್ಪಿಗೆ ಬರಬೇಕು.

ಬ್ಲೇಡಿನ ಪೊಟ್ಟಣವನ್ನು ಅವರ ಕಣ್ಣೆದುರೇ ಬಿಚ್ಚುತ್ತೇನೆ, ಅದರ ಮೇಲಿನ ತಾರೀಖನ್ನು ಓದಿ ತೋರಿಸುತ್ತೇನೆ, ಕೆಲಸ ಮುಗಿದ ಕೂಡಲೇ ಚುಚ್ಚಲಾಗದ ಗಟ್ಟಿ ಡಬ್ಬಿಗೆ ಹಾಕುತ್ತೇನೆ. ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ರಕ್ತದಿಂದ ಹರಡುವಂಥವು. ನಾನು ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಹಾಕಿಸಿಕೊಂಡಿದ್ದೇನೆ, ನನ್ನ ಜೊತೆ ಕೆಲಸ ಮಾಡುವ ಹುಡುಗಿಯರಿಗೂ ಹಾಕಿಸಿದ್ದೇನೆ. ಯಾವ ಪಾರ್ಲರಿಗೆ ಹೋದರೂ ಹೊಸ ಬ್ಲೇಡ್ ತೋರಿಸಿ ಎಂದು ಕೇಳಲು ನಾಚಿಕೊಳ್ಳಬೇಡಿ. ಆ ಪ್ರಶ್ನೆಗೆ ಮುಖ ಗಂಟಿಕ್ಕುವ ಜಾಗದಿಂದ ಎದ್ದು ಬನ್ನಿ.

ಕ್ರೀಮ್ ಹಚ್ಚಿ ಅರ್ಧ ಗಂಟೆ ಕಳೆದ ಮೇಲೆ ನೋವು ಬಹುಪಾಲು ಇರುವುದಿಲ್ಲ, ಕೆರೆದಂತಾಗುವ ಅನುಭವ ಮಾತ್ರ ಇರುತ್ತದೆ. ಎಡಗೈ ಬೆರಳುಗಳಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯುವುದರಲ್ಲಿಯೇ ಅರ್ಧ ವಿದ್ಯೆಯಿದೆ. ಚರ್ಮ ಸಡಿಲವಾಗಿದ್ದರೆ ಗೆರೆ ಒಂದು ಕಡೆ ಆಳ, ಇನ್ನೊಂದು ಕಡೆ ಮೇಲೆ ಆಗುತ್ತದೆ. ಸರಿಯಾದ ಆಳದಲ್ಲಿ ಬ್ಲೇಡ್ ಹೋಗುವಾಗ ಬಟ್ಟೆ ಹರಿದಂಥ ಸಣ್ಣ ಸದ್ದು ಕೇಳುತ್ತದೆ, ಸೂಜಿಮೊನೆಯಷ್ಟು ರಕ್ತ ಅಲ್ಲಲ್ಲಿ ಕಾಣುತ್ತದೆ. ರಕ್ತ ಹರಿಯತೊಡಗಿದರೆ ಆಳ ಹೆಚ್ಚಾಗಿದೆ ಎಂದರ್ಥ. ಆ ರಕ್ತವೇ ಬಣ್ಣವನ್ನು ಹೊರಗೆ ತಳ್ಳುತ್ತದೆ. ನಮ್ಮ ಮೈಬಣ್ಣಕ್ಕೆ ಅಚ್ಚ ಕಪ್ಪು ಬೇಕೆಂದು ಬಹಳ ಜನ ಕೇಳುತ್ತಾರೆ. ನಾನು ಕಪ್ಪಿನ ಹತ್ತಿರ ಬರುವ, ಸ್ವಲ್ಪ ಕೆಂಪು ಬೆರೆತ ಗಾಢ ಕಂದು ಬಣ್ಣವನ್ನೇ ಬಳಸುತ್ತೇನೆ, ಅಜ್ಜಿಯ ಹಚ್ಚೆಯ ಕಥೆಯನ್ನೂ ಹೇಳುತ್ತೇನೆ.

ಇನ್ನು ಆ ಆರು ವಾರಗಳು. ಮೊದಲ ಮೂರು ದಿನ ಹುಬ್ಬು ನಾವು ಹಾಕಿದ್ದಕ್ಕಿಂತಲೂ ಕಪ್ಪಾಗಿ, ದಪ್ಪವಾಗಿ ಕಾಣುತ್ತದೆ, ಮತ್ತು ಬಹಳ ಜನ ಮನೆಯಿಂದ ಹೊರಗೆ ಬರಲು ಸಂಕೋಚಪಡುತ್ತಾರೆ. ಮೊದಲ ದಿನ ಗಾಯದಿಂದ ತಿಳಿ ದ್ರವ ಒಸರುತ್ತದೆ. ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿದ ಹತ್ತಿಯಿಂದ ಅದನ್ನು ಆಗಾಗ ಮೃದುವಾಗಿ ಒತ್ತಿ ತೆಗೆಯದಿದ್ದರೆ ಒಣಗಿ ದಪ್ಪ ಹಕ್ಕಳೆ ಕಟ್ಟುತ್ತದೆ. ನಾಲ್ಕನೆಯ ದಿನದಿಂದ ಹತ್ತನೆಯ ದಿನದವರೆಗೆ ತುರಿಕೆ, ಹಕ್ಕಳೆ, ಅಲ್ಲಲ್ಲಿ ಸಿಪ್ಪೆ ಏಳುವುದು. ಕಿತ್ತ ಕಡೆ ಬಣ್ಣವೂ ಹಕ್ಕಳೆಯ ಜೊತೆ ಬರುತ್ತದೆ, ಆ ಜಾಗ ಬೋಳಾಗಿ ಉಳಿಯುತ್ತದೆ. ಆಮೇಲೆ ಬರುತ್ತದೆ ಎಲ್ಲರನ್ನೂ ಹೆದರಿಸುವ ಘಟ್ಟ. ಎರಡನೆಯ ವಾರದಲ್ಲಿ ಹಕ್ಕಳೆ ಬಿದ್ದಾಗ ಹುಬ್ಬಿನಲ್ಲಿ ಬಣ್ಣವೇ ಇಲ್ಲದಂತೆ ಕಾಣುತ್ತದೆ. "ಅಕ್ಕಾ, ದುಡ್ಡೂ ಹೋಯಿತು, ಬಣ್ಣವೂ ಹೋಯಿತು" ಎಂದು ಅತ್ತು ಫೋನ್ ಮಾಡಿದವರು ಒಬ್ಬಿಬ್ಬರಲ್ಲ. ಬಣ್ಣ ಎಲ್ಲಿಗೂ ಹೋಗಿರುವುದಿಲ್ಲ. ಅದರ ಮೇಲೆ ಬಂದ ಹೊಸ ಚರ್ಮ ಇನ್ನೂ ಮಂಜುಗಟ್ಟಿದ ಗಾಜಿನಂತಿರುತ್ತದೆ. ನಾಲ್ಕನೆಯ ವಾರದ ಹೊತ್ತಿಗೆ ಆ ಪದರ ತಿಳಿಯಾಗಿ ಬಣ್ಣ ಮತ್ತೆ ಮೇಲೆ ಕಾಣುತ್ತದೆ, ಮೊದಲ ದಿನಕ್ಕಿಂತ ತೆಳುವಾಗಿ, ಮೃದುವಾಗಿ. ಎಲ್ಲಿ ಹಿಡಿಯಲಿಲ್ಲ ಎಂಬುದು ಆಗಲೇ ಸರಿಯಾಗಿ ತಿಳಿಯುವುದರಿಂದ ಟಚ್‌ಅಪ್ ಆರರಿಂದ ಎಂಟು ವಾರದೊಳಗೆ. ಈ ಎರಡನೆಯ ಸರದಿ ಇಲ್ಲದೆ ಕೆಲಸ ಪೂರ್ತಿಯಾಯಿತು ಎಂದು ನಾನು ಹೇಳುವುದಿಲ್ಲ, ಅದಕ್ಕೆ ಬೇರೆ ಹಣವನ್ನೂ ಕೇಳುವುದಿಲ್ಲ. ಮೂರನೆಯ ದಿನದ ನಂತರ ನೋವು, ಊತ ಹೆಚ್ಚುತ್ತಾ ಹೋದರೆ, ಕೀವು ಕಂಡರೆ, ಜ್ವರ ಬಂದರೆ ನನಗೆ ಫೋಟೋ ಕಳುಹಿಸುತ್ತಾ ಕಾಯದೆ ನೇರವಾಗಿ ವೈದ್ಯರ ಬಳಿಗೆ ಹೋಗಬೇಕು ಎಂದು ಚೀಟಿಯಲ್ಲಿ ಬರೆದೇ ಕೊಡುತ್ತೇನೆ.

ನಮ್ಮ ಮನೆಗಳ ರೂಢಿಗೆ ತಕ್ಕಂತೆ ಕೆಲವು ಮಾತುಗಳನ್ನು ಒತ್ತಿ ಹೇಳಬೇಕಾಗುತ್ತದೆ. ಹತ್ತು ದಿನ ಎಣ್ಣೆ ಸ್ನಾನ ಬೇಡ, ಮುಖಕ್ಕೆ ಅರಿಶಿನ ಬೇಡ, ಹಣೆಯ ಕುಂಕುಮ ಹುಬ್ಬಿನ ಮೇಲೆ ಉದುರಬಾರದು, ಹುಬ್ಬು ಬೆಳೆಯಲೆಂದು ಹಚ್ಚುವ ಹರಳೆಣ್ಣೆಯೂ ಬೇಡ. ಅನ್ನ ಬಸಿಯುವಾಗಿನ ಹಬೆಗೂ ನೆತ್ತಿಯ ಮೇಲಿನ ಬಿಸಿಲಿಗೂ ಮುಖ ಒಡ್ಡಬಾರದು. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಬೆವರೇ ಹಕ್ಕಳೆಯನ್ನು ನೆನೆಸಿಬಿಡುವುದರಿಂದ ಆದಷ್ಟು ಮಟ್ಟಿಗೆ ಚಳಿಗಾಲದಲ್ಲಿ ಮಾಡಿಸಿ ಎನ್ನುತ್ತೇನೆ. ಮದುಮಕ್ಕಳು ಮದುವೆಗೆ ಹದಿನೈದು ದಿನವಿದೆ ಎಂದು ಬಂದರೆ ಮಾಡುವುದಿಲ್ಲ. ಅರಿಶಿನ ಶಾಸ್ತ್ರದ ದಿನಕ್ಕೆ ಸರಿಯಾಗಿ ಅವರ ಹುಬ್ಬು ಮಸುಕಾಗಿರುತ್ತದೆ. ಕನಿಷ್ಠ ಮೂರು ತಿಂಗಳು ಮುಂಚೆ ಬರಬೇಕು.

ನನ್ನ ಮನಸ್ಸಿನಲ್ಲಿ ಉಳಿದಿರುವ ಒಂದು ಕೆಲಸ, ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿ ವೈದ್ಯರ ಒಪ್ಪಿಗೆ ಪತ್ರ ಹಿಡಿದು ಬಂದ ಒಬ್ಬರದು. ಕೀಮೋ ಮುಗಿದು ವರ್ಷವಾದರೂ ಅವರ ಹುಬ್ಬು ಪೂರ್ತಿ ಬಂದಿರಲಿಲ್ಲ. ಗೆರೆ ಎಳೆದರೆ ಅದರ ಜೊತೆ ಬೆರೆಯಲು ಕೂದಲೇ ಇರಲಿಲ್ಲವಾದ್ದರಿಂದ ಮೆಷಿನ್ನಿನಲ್ಲಿ ಬಹಳ ಹಗುರವಾಗಿ, ಎರಡಕ್ಕೆ ಬದಲು ಮೂರು ಸರದಿಯಲ್ಲಿ ಮಾಡಿದೆ. ಕನ್ನಡಿ ಕೊಟ್ಟಾಗ ಅವರು ತಮ್ಮ ಹಳೆಯ ಮುಖವನ್ನು ಗುರುತಿಸಿದರು. ಆ ಮುಖವನ್ನು ಹೋಲಿಸಲು ನಾವು ಬಳಸಿದ್ದು ಅವರ ವೋಟರ್ ಐಡಿಯ ಫೋಟೋ.

ಬಣ್ಣ ಸಾಮಾನ್ಯವಾಗಿ ಒಂದರಿಂದ ಮೂರು ವರ್ಷ ನಿಲ್ಲುತ್ತದೆ, ಎಣ್ಣೆ ಚರ್ಮದಲ್ಲಿಯೂ ಬಿಸಿಲಿನಲ್ಲಿ ದುಡಿಯುವವರಲ್ಲಿಯೂ ಬೇಗ ಮಾಸುತ್ತದೆ. ಮಾಸುವಾಗ ಐರನ್ ಆಕ್ಸೈಡ್ ಎಂಬ ಕಬ್ಬಿಣದ ಸಂಯುಕ್ತದಿಂದ ಮಾಡಿದ ಬಣ್ಣಗಳು ಕೆಂಪು ಕಡೆಗೂ ಇಂಗಾಲದ ಕಪ್ಪು ಬೂದು ಕಡೆಗೂ ವಾಲುತ್ತವೆ. ಎಂಆರ್‌ಐ ಮಾಡಿಸುವಾಗ ಹುಬ್ಬಿನಲ್ಲಿ ಬಣ್ಣವಿದೆ ಎಂದು ತಿಳಿಸಬೇಕು, ಏಕೆಂದರೆ ಐರನ್ ಆಕ್ಸೈಡ್ ಇರುವ ಜಾಗ ಅಪರೂಪಕ್ಕೆ ಬಿಸಿಯಾದಂತೆ ಅನಿಸಬಹುದು. ರಕ್ತದಾನಕ್ಕೆ ಹೋದಾಗಲೂ ಹಚ್ಚೆ ಹಾಕಿಸಿಕೊಂಡವರಂತೆ ಇದನ್ನು ಹೇಳಬೇಕು.

ಈಗ ನನ್ನ ಬಳಿ ಬರುವವರಲ್ಲಿ ಮೂರನೆಯ ಒಂದು ಪಾಲು, ಬೇರೆಡೆ ಮಾಡಿಸಿ ಬೂದಿಯೋ ಇಟ್ಟಿಗೆ ಕೆಂಪೋ ಆದ ಹುಬ್ಬಿನವರು. ಮೇಲೆ ಇನ್ನೊಂದು ಬಣ್ಣ ತುಂಬಿ ಮುಚ್ಚಿ ಎಂದು ಕೇಳುತ್ತಾರೆ. ಹಳೆಯ ಬಣ್ಣ ತುಂಬಾ ದಟ್ಟವಾಗಿದ್ದರೆ ಮುಚ್ಚಲು ಹೋದಷ್ಟೂ ಹುಬ್ಬು ಭಾರವಾಗುತ್ತದೆ. ಅಂಥವರನ್ನು ಲೇಸರ್ ಮಾಡುವ ಚರ್ಮವೈದ್ಯರ ಬಳಿಗೆ ಕಳುಹಿಸುತ್ತೇನೆ, ಮತ್ತು ಮೊದಲು ಒಂದು ಸಣ್ಣ ಚುಕ್ಕಿಯಷ್ಟು ಜಾಗದಲ್ಲಿ ಪರೀಕ್ಷಿಸಿ ನೋಡಲು ಕೇಳಿಕೊಳ್ಳಿ ಎಂದು ಹೇಳುತ್ತೇನೆ. ಐರನ್ ಆಕ್ಸೈಡ್ ಅಥವಾ ಟೈಟೇನಿಯಂ ಡೈಆಕ್ಸೈಡ್ ಇರುವ ಬಣ್ಣ ಲೇಸರ್ ತಾಗಿದಾಗ ಮಾಸುವ ಬದಲು ಕಪ್ಪಾಗುವುದುಂಟು. ಹೋದ ವರ್ಷ ಹೀಗೆ ಕಳುಹಿಸಿದ ಒಬ್ಬರಿಗೆ ನಾಲ್ಕು ಲೇಸರ್ ಸರದಿಗಳಾಗಿವೆ, ಬೂದು ಬಹುಪಾಲು ಹೋಗಿದೆ. ಕೊನೆಯ ಸರದಿಯಿಂದ ಮೂರು ತಿಂಗಳು ತುಂಬಿದ ಮೇಲೆ ಬನ್ನಿ ಎಂದಿದ್ದೇನೆ. ಅಲ್ಲಿಯವರೆಗೆ ಅವರು ದಿನವೂ ಬೆಳಿಗ್ಗೆ ಐಬ್ರೋ ಪೆನ್ಸಿಲ್ಲಿನಿಂದಲೇ ತೀಡಿಕೊಂಡು ಕೆಲಸಕ್ಕೆ ಹೋಗುತ್ತಿದ್ದಾರೆ.