230 ಲೋಡು ಮಣ್ಣು ಎಲ್ಲಿಂದ ಬಂತು?

ಕೆರೆಯಿಂದ ತೆಗೆದ ಹೂಳಿನ ಎರಡು ಲೆಕ್ಕ ತಾಳೆಯಾಗಲಿಲ್ಲ. ಊರಿನವರ ನೋಟ್‌ಬುಕ್ಕಿನಲ್ಲಿ 1,180 ಲೋಡು. ಎಂಜಿನಿಯರ್ ಅಳತೆ ಪುಸ್ತಕದಲ್ಲಿ 2,850 ಘನ ಮೀಟರ್. ಟ್ರೈಲರಿಗೆ 3 ಘನ ಮೀಟರ್ ಹಿಡಿದರೆ 950 ಲೋಡು ಆಗಬೇಕಿತ್ತು. ಮಿಕ್ಕ 230 ಲೋಡು ಎಲ್ಲಿಂದ ಬಂತು? ಅವತ್ತು ಸಂಜೆ ಅರಳಿಕಟ್ಟೆಯಲ್ಲಿ ಇದೇ ಮಾತು. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು.

ನಾನಾಗ ತುಮಕೂರು ಜಿಲ್ಲೆಯಲ್ಲಿ ಒಂದು ಸ್ವಯಂಸೇವಾ ಸಂಸ್ಥೆಯ ಕೆಲಸದಲ್ಲಿದ್ದೆ. ವಿಶ್ವಬ್ಯಾಂಕ್ ನೆರವಿನ ಕೆರೆ ಯೋಜನೆ ಅದು, 2002ರಲ್ಲಿ ಶುರುವಾದದ್ದು. ಸರ್ಕಾರದ ಕಡೆಯಿಂದ ಅದನ್ನು ನಡೆಸುತ್ತಿದ್ದುದು ಜಲ ಸಂವರ್ಧನೆ ಯೋಜನಾ ಸಂಘ. ಊರಲ್ಲಿ ಕೆರೆ ಬಳಕೆದಾರರ ಸಂಘ ಕಟ್ಟುವುದು, ಕೆರೆಗೆ ಏನೇನು ಬೇಕು ಅಂತ ಜನರ ಜೊತೆ ಕೂತು ಬರೆಯುವುದು, ಕೆಲಸ ನಡೆಯುವಾಗ ಸಂಘದ ಬೆನ್ನಿಗಿರುವುದು ನಮ್ಮ ತಂಡದ ಪಾಲು.

ಮೊದಲ ತಿಂಗಳುಗಳು ಕಳೆದದ್ದು 'ವಿಶ್ವಬ್ಯಾಂಕ್' ಅನ್ನೋ ಹೆಸರಿಗೆ ಸಮಜಾಯಿಷಿ ಕೊಡುವುದರಲ್ಲೇ. "ಏನವ್ವಾ, ನಾಳೆ ನಮ್ಮ ಪಹಣೀಲಿ ಸಾಲ ಕೂರಿಸ್ತಾರಾ?" ಅಂತ ಒಬ್ಬರು ಅಜ್ಜ ಕೇಳಿದರು. ಸಾಲ ಸರ್ಕಾರದ್ದು, ನಿಮ್ಮದಲ್ಲ, ನೀವು ಕೊಡಬೇಕಾದ್ದು ನಿಮ್ಮ ಪಾಲಿನ ವಂತಿಗೆ ಮತ್ತು ಒಂದಷ್ಟು ಮೈಕೆಲಸ ಮಾತ್ರ ಅಂದೆ. "ದುಡ್ಡು ಕೊಡೋದು ನಾವೇ ಅಂದ್ಮೇಲೆ ಅದೂ ಸಾಲಾನೇ ಅಲ್ವಾ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಊರಿಗೆ ಬೇಕಿದ್ದದ್ದು ಒಂದೇ, ಕೆರೆಯ ಹೂಳು ಪೂರ್ತಿ ಎತ್ತಬೇಕು. ಬೇಡ ಅಂತ ಬಾಯಿಮಾತಲ್ಲಿ ಹೇಳಿದರೆ ಯಾರು ಕೇಳುತ್ತಾರೆ? ಸುಣ್ಣದ ಕಡ್ಡಿ ಹಿಡಿದು ಶಾಲೆಯ ಜಗಲಿ ಮೇಲೆ ಲೆಕ್ಕ ಹಾಕಿದೆ. ಒಂದು ಎಕರೆಯಲ್ಲಿ ಒಂದಡಿ ಹೂಳು ಅಂದರೆ 1,233 ಘನ ಮೀಟರ್, 400ಕ್ಕೂ ಹೆಚ್ಚು ಲೋಡು. ನಮ್ಮ ಕೆರೆಯಂಗಳ 60 ಎಕರೆ. ಅಂದರೆ ಬರೀ ಒಂದಡಿಗೆ 24 ಸಾವಿರ ಲೋಡು. ಸಭೆ ಸುಮ್ಮನಾಯಿತು. ಆಮೇಲೆ ಮಾತು ತಾನಾಗೇ ತೂಬು, ಕೋಡಿ, ಏರಿ, ನೀರು ತರುವ ಕಾಲುವೆ ಕಡೆಗೆ ತಿರುಗಿತು. ತೂಬು ಸೋರುವ ಕೆರೆಯಲ್ಲಿ ಹೂಳೆತ್ತಿ ಏನು ಪ್ರಯೋಜನ? ಹೂಳನ್ನು ಒಂದು ಕಡೆ ಮಾತ್ರ, ಏರಿಯ ಬುಡದಿಂದ ದೂರ ಬಿಟ್ಟು ತೆಗೆಯುವುದು ಅಂತಾಯಿತು. ಅಗೆಯುವ ಖರ್ಚು ಯೋಜನೆಯದು, ಹೊಲಕ್ಕೆ ಸಾಗಿಸುವ ಖರ್ಚು ರೈತರದು. ಈ ಒಂದು ನಿಯಮ ನನಗೆ ತುಂಬಾ ಹಿಡಿಸಿತ್ತು. ಕೆಂಪು ನೆಲದವರು ಗಾಡಿ ತಂದರು, ಮಿಕ್ಕವರು ತರಲಿಲ್ಲ. ಹೂಳು ಯಾರಿಗೆ ಬೇಕು ಅಂತ ಬೇರೆ ಸರ್ವೆ ಮಾಡೋ ಅಗತ್ಯವೇ ಬೀಳಲಿಲ್ಲ.

ಇಂಥ ಯೋಜನೆಯಲ್ಲಿ ನಿಜವಾದ ಕಷ್ಟ ದುಡ್ಡಿನದಲ್ಲ, ದಿನಗಳದು. ಸರ್ಕಾರದ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಕೆರೆ ಒಣಗಿ ಗಾಡಿ ಇಳಿಯುವಂತಾಗುವುದೂ ಅದೇ ಹೊತ್ತಿಗೆ. ಜೂನ್ ಬಂದರೆ ಮುಂಗಾರು. ಮಾರ್ಚ್‌ನಲ್ಲಿ ಕಡತ ಹಿಡಿದು ಕೂತರೆ ಆ ವರ್ಷ ಹೋಯ್ತು ಅಂತಲೇ ಲೆಕ್ಕ. ಹಾಗಾಗಿ ವಂತಿಗೆ, ಅಂದಾಜು ಪಟ್ಟಿ, ಠರಾವು ಎಲ್ಲವನ್ನೂ ಸಂಕ್ರಾಂತಿಯೊಳಗೆ ಮುಗಿಸುವ ಹಟ ಹಿಡಿದೆ. ರಾಗಿ ಕಣ ನಡೆಯುವ ಕಾಲ, ಜನ ಬೈದುಕೊಂಡೇ ಬಂದರು.

ಇನ್ನು ವೋಚರ್. ಸರ್ಕಾರ ಮೊದಲು ಖರ್ಚು ಮಾಡಿ, ಲೆಕ್ಕ ತೋರಿಸಿ, ಆಮೇಲೆ ವಿಶ್ವಬ್ಯಾಂಕಿನಿಂದ ದುಡ್ಡು ಪಡೆಯುತ್ತೆ. ಹಾಗಾಗಿ ಹಳ್ಳಿಯ ಒಂದು ಚೀಟಿ ಕಳೆದರೂ ಮೇಲಿನವರೆಗೆ ತಕರಾರು. ಇದನ್ನು ಕೇಳಿದ ಮೇಲೆ ನಮ್ಮ ಖಜಾಂಚಿ ಟೀ ಅಂಗಡಿ ಚೀಟಿಯನ್ನೂ ಅಂಟಿಸಿಡತೊಡಗಿದರು. ಬೇಡ ಅಂದರೂ ಬಿಡಲಿಲ್ಲ.

ನಾನು ಮಾಡಿದ ತಪ್ಪುಗಳಿಗೆ ಮಾತ್ರ ಯಾವ ವೋಚರೂ ಇಲ್ಲ. ತಿಂಗಳ ವರದಿಯಲ್ಲಿ 'ನೋಂದಣಿಯಾದ ಸಂಘಗಳು' ಅಂತ ಒಂದು ಕಾಲಂ ಇತ್ತು. ಸಂಖ್ಯೆ ಏರಿಸುವ ಆತುರದಲ್ಲಿ ಪಕ್ಕದ ಊರಿನ ಸಂಘವನ್ನು ಒಂದೇ ಸಂಜೆಯಲ್ಲಿ ಮಾಡಿ ಮುಗಿಸಿದ್ದೆ. ಸಮಿತಿಯ ಮೂವರು ಹೆಂಗಸರ ಸಹಿ ಅವರ ಮನೆ ಬಾಗಿಲಲ್ಲೇ ಹಾಕಿಸಿಕೊಂಡಿದ್ದೆ. ಆ ಸಂಘದ ಎರಡನೇ ಸಭೆ ಸೇರಲು ಏಳು ತಿಂಗಳು ಹಿಡಿಯಿತು. ವರದಿಯಲ್ಲಿ ಮಾತ್ರ ಅದು ಮೊದಲ ದಿನದಿಂದಲೂ 'ಸಾಧನೆ'.

ಎರಡನೇ ತಪ್ಪು ಆ 230 ಲೋಡಿನದು. ಯೋಜನೆ ದುಡ್ಡು ಕೊಡುವುದು ಅಗೆದ ಗುಂಡಿಯ ಅಳತೆಗೆ. ಸಂಘದವರು ಜೆಸಿಬಿ ಮಾಲೀಕನ ಜೊತೆ ಬಾಯಿಮಾತಲ್ಲಿ ಒಪ್ಪಿದ್ದು ಲೋಡಿನ ಲೆಕ್ಕಕ್ಕೆ. ನಾನು ಅಲ್ಲೇ ಕೂತಿದ್ದೆ. ಎರಡೂ ಒಂದೇ ಅಲ್ವಾ ಅಂದುಕೊಂಡೆ. ಈಗ ಆತ 1,180 ಲೋಡಿನ ದುಡ್ಡು ಕೇಳುತ್ತಿದ್ದ. ಕೆಲವರು ಎಂಜಿನಿಯರ್ ಕಮ್ಮಿ ಬರೆದಿದ್ದಾರೆ ಅಂದರು. ಇನ್ನು ಕೆಲವರು ಲೋಡು ಎಣಿಸಿದ ಹುಡುಗನ ಮೇಲೆ ಅನುಮಾನ ಪಟ್ಟರು. ಆ ಹುಡುಗ ಅಳುವುದೊಂದು ಬಾಕಿ.

ಈ ಒಗಟು ಬಿಡಿಸಿದ್ದು ಕೆರೆ ನೀರು ಬಿಡುವ ನೀರಗಂಟಿ ಅಜ್ಜ. "ಮನೆ ಕಟ್ಟೋ ಮುಂಚೆ ಗುಂಡಿ ತೆಗೆದು ಅದೇ ಮಣ್ಣು ತುಂಬಿ ನೋಡಲ್ವಾ? ಮಿಕ್ಕಿದ್ರೆ ಒಳ್ಳೇ ಜಾಗ ಅನ್ನಲ್ವಾ?" ಅಂದರು. ಮರುದಿನ ಬೆಳಗ್ಗೆ ಕೆರೆಯಂಗಳದಲ್ಲಿ ಒಂದು ಮೀಟರ್ ಉದ್ದ, ಅಗಲ, ಆಳದ ಗುಂಡಿ ತೆಗೆಸಿದೆವು. ಅದೇ ಮಣ್ಣನ್ನು ತುಳಿಯದೆ ವಾಪಸ್ ಹಾಕಿಸಿದೆವು. ಗುಂಡಿ ತುಂಬಿ, ಪಕ್ಕದಲ್ಲಿ ಹನ್ನೊಂದು ಬಾಂಡ್ಲಿ ಮಣ್ಣು ಉಳಿಯಿತು. ಅಗೆದ ಮಣ್ಣು ಸಡಿಲವಾಗಿ ಉಬ್ಬುತ್ತೆ, ಕಾಲು ಭಾಗದಷ್ಟು ಜಾಸ್ತಿಯಾಗುತ್ತೆ. ಎಂಜಿನಿಯರ್‌ಗೆ ಇದು ಮೊದಲೇ ಗೊತ್ತಿತ್ತು. ಆದರೆ ಅವರನ್ನು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. 1,180ನ್ನು 950ಕ್ಕೆ ಹೋಲಿಸಿ ನೋಡಿ, ಹೆಚ್ಚುಕಮ್ಮಿ ಅಷ್ಟೇ ಬರುತ್ತೆ. ಹುಡುಗನೂ ಸರಿ, ಅಳತೆ ಪುಸ್ತಕವೂ ಸರಿ.

ದುಡ್ಡಿನ ಜಗಳ ಅಷ್ಟಕ್ಕೇ ತೀರಲಿಲ್ಲ. ಹೂಳು ಒಯ್ದ ರೈತರು ಲೋಡಿಗಿಷ್ಟು ಅಂತ ಹಾಕಿ ಕಮ್ಮಿ ಬಿದ್ದದ್ದರಲ್ಲಿ ಅರ್ಧ ತುಂಬಿಕೊಟ್ಟರು. ಮಿಕ್ಕಿದ್ದನ್ನು ಮಾಲೀಕ ಬಿಟ್ಟ. ಮುಂದಿನ ಎರಡು ವರ್ಷ ಸಂತೆಯಲ್ಲಿ ಕಂಡರೂ ಆತ ನನ್ನನ್ನು ಮಾತಾಡಿಸಲಿಲ್ಲ.

ಅದಾದ ಮೇಲೆ ಹೋದ ಪ್ರತಿ ಕೆರೆಯಲ್ಲೂ ಯಂತ್ರ ಬರುವ ಮುಂಚೆಯೇ ಠರಾವು ಪುಸ್ತಕದಲ್ಲಿ ಹೀಗೆ ಬರೆಸುತ್ತಿದ್ದೆ: ಕೂಲಿ ಗುಂಡಿಯ ಅಳತೆಗೆ, ಲೋಡಿಗಲ್ಲ. ಅಳೆಯುವಾಗ ಸಂಘದ ಇಬ್ಬರು ಟೇಪ್ ಹಿಡಿಯಬೇಕು. ಆಳ ಗೊತ್ತಾಗಲು ಗುಂಡಿಯಲ್ಲಿ ಅಲ್ಲಲ್ಲಿ ಅಗೆಯದ ಮಣ್ಣಿನ ದಿಬ್ಬ ಬಿಡಬೇಕು, ಅಳತೆ ಮುಗಿಯುವವರೆಗೆ ಯಾರೂ ಅದನ್ನು ಮುಟ್ಟಬಾರದು.